ಕಾಲು ಇಂಚಿನಾಚೆಯ ಊರು

ಟ್ಯಾಮರಾಕ್ ಕೌಂಟಿ, ಮೇಲಣ ಪರ್ಯಾಯದ್ವೀಪ, ಮಿಷಿಗನ್
ಉಚಿತ ನಕ್ಷೆಗಳ ಶಾಖೆ
(ಗ್ರಂಥಾಲಯದ ನೆಲಮಾಳಿಗೆ. ಬಾಯ್ಲರ್ ಕೋಣೆಯ ಬಾಗಿಲನ್ನು ತಟ್ಟಬಾರದು, ಪಕ್ಕದ್ದನ್ನು ತಟ್ಟಬೇಕು.)

ಸಂಖ್ಯೆ: ಉನಶಾ/ಅಂಚು/ಚಳಿಗಾಲ
ದಿನಾಂಕ: ಜನವರಿ, ಎರಡನೇ ಹಿಮಗಾಳಿಯ ಮರುದಿನ

ಸುತ್ತೋಲೆ

ವಿಷಯ: ಕಲಿಕೆ, ಪ್ರಯಾಣ ಹಾಗೂ ದಿನಬಳಕೆಗಾಗಿ ಸಾರ್ವಜನಿಕರು ತಾವೇ ಮುದ್ರಿಸಿಕೊಳ್ಳಬಹುದಾದ ಉಚಿತ ಪ್ರಾದೇಶಿಕ ನಕ್ಷೆಯಲ್ಲಿ ಟಿನ್ ಕಪ್ ಹಾರ್ಬರ್ ಎಂಬ ಊರು ಬಾರದಿರುವ ಬಗ್ಗೆ.

ಉಲ್ಲೇಖ:
1) ಟಿನ್ ಕಪ್ ಹಾರ್ಬರಿನ ಪ್ಯಾಸ್ಟಿ (ಮಾಂಸ, ಆಲೂಗಡ್ಡೆ ತುಂಬಿ ಒಲೆಯಲ್ಲಿ ಬೇಯಿಸಿದ ಕಡುಬು) ಅಂಗಡಿಯ ಒಡತಿ ಶ್ರೀಮತಿ ಲೊರೆಟ್ಟಾ ಟ್ರೆಂಬಾತ್ ಅವರ ದೂರು.
2) ಸದರಿ ದೂರಿಗೆ ಉತ್ತರ ಬಾರದ ಬಗ್ಗೆ ಅವರದೇ ದೂರು.
3) ಉತ್ತರ ಬಂದ ಮೇಲೆ ಆ ಉತ್ತರದ ಬಗ್ಗೆ ದೂರು.

ಪ್ರಸ್ತಾವನೆ:

ಕಳೆದ ನವೆಂಬರಿನ ಒಂದು ರಾತ್ರಿ, ಊರೆಲ್ಲ ಮಲಗಿದ ಹೊತ್ತಿನಲ್ಲಿ, ಈ ಶಾಖೆಯ ಪ್ರಿಂಟರಿನಿಂದ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಬಂದಿರುತ್ತದೆ. ಪ್ರಿಂಟರನ್ನು ಆರಿಸಿದ್ದೇನೆಯೋ ಇಲ್ಲವೋ ಎಂಬ ಅನುಮಾನದಿಂದ ಹಾಸಿಗೆ ಬಿಟ್ಟೆದ್ದು ಕಚೇರಿಗೆ ಬಂದಿದ್ದ ನಕ್ಷಾ ಸಹಾಯಕಿ ಶ್ರೀಮತಿ ವೆಂಡ್ಲಾ ಕೊರ್ಪಿ ಅವರು ಸದರಿ ಸದ್ದಿಗೆ ಬೆಚ್ಚಿ ನಿಂತಲ್ಲೇ ನಿಂತರು. (ಇಂತಹ ಅನುಮಾನಗಳು ಇವರಿಗೆ ಸಹಜವೆಂದು ಸೇವಾ ಕಡತದಲ್ಲಿ ನಮೂದಾಗಿರುತ್ತದೆ. ಅವುಗಳಲ್ಲಿ ಹೆಚ್ಚಿನವು ನಿಜವಾಗಿರುವುದು ನಮೂದಾಗಿರುವುದಿಲ್ಲ.) ಪ್ರಿಂಟರ್ ಒಂದು ಹಾಳೆಯನ್ನು ಹೊರಹಾಕಿತು. ಅದು ಕೌಂಟಿಯ ಉಚಿತ ನಕ್ಷೆಯಾಗಿದ್ದು, ಹಿಮ ತಳ್ಳುವ ಲಾರಿಗೆ ಹೊಸದಾಗಿ ಸೇರಿದ ಚಾಲಕ ಶ್ರೀ ಡ್ಯಾರೆಲ್ ಫಿಚ್ ಅವರು ತಮ್ಮ ಮನೆಯಿಂದಲೇ ಅದನ್ನು ಮುದ್ರಣಕ್ಕೆ ಕಳುಹಿಸಿದ್ದರು. ಶ್ರೀ ಫಿಚ್ ಅವರು ರಾಜ್ಯದ ಎರಡು ಭಾಗಗಳನ್ನು ಕೂಡಿಸುವ ದೊಡ್ಡ ಸೇತುವೆಯ ದಕ್ಷಿಣಕ್ಕೆ, ಅಂದರೆ ಸೇತುವೆಯ ಕೆಳಗೆ ಹುಟ್ಟಿದವರಾದುದರಿಂದ ನಮ್ಮ ರಸ್ತೆಗಳನ್ನು ಕಾಗದ ನೋಡಿಯೇ ಕಲಿಯಬೇಕಾಗಿತ್ತು.

ಮೊದಲ ದೊಡ್ಡ ಹಿಮ ಬಿದ್ದ ದಿನ ಶ್ರೀ ಫಿಚ್ ಅವರು ಸದರಿ ನಕ್ಷೆಯನ್ನು ಸ್ಟಿಯರಿಂಗಿಗೆ ಅಂಟಿಸಿಕೊಂಡು ಉತ್ತರದ ರಸ್ತೆಯ ಹಿಮವನ್ನು ತಳ್ಳುತ್ತಾ ಹೋದರು. ಕಾಗದ ಮುಗಿದಲ್ಲಿ ನಿಂತರು. ಅಲ್ಲಿಂದ ಮುಂದೆ ನಾಲ್ಕು ಮೈಲಿಗಳೂ, ಆ ಮೈಲಿಗಳ ಕೊನೆಯಲ್ಲಿ ಟಿನ್ ಕಪ್ ಹಾರ್ಬರ್ ಎಂಬ ಊರೂ ಹಿಮದಡಿಯಲ್ಲಿ ಉಳಿದವು. ವಿಚಾರಣೆಯಲ್ಲಿ ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ:

“ಕಾಗದ ಮುಗೀತು ಸರ್, ನಾನೂ ನಿಲ್ಲಿಸ್ದೆ. ಮುಂದೆ ಕೆರೆಗಿರೆ ಇದ್ರೆ ಏನ್ಮಾಡೋದು? ಆಮೇಲೆ ರಿವರ್ಸಲ್ಲೇ ವಾಪಸ್ ಬಂದೆ. ದಾರೀಲಿ ಕೆಲವು ಟಪಾಲು ಡಬ್ಬಿ ಬಿದ್ವು. ಅವೂ ನಕ್ಷೇಲಿರ್ಲಿಲ್ಲ.”

ಪರಿಶೀಲಿಸಲಾಗಿ, ಈ ಶಾಖೆಯದೂ ಸೇರಿದಂತೆ ಸಾಮಾನ್ಯ ಬಳಕೆಯ ಯಾವ ಪ್ರಿಂಟರೂ ಹಾಳೆಯ ನಾಲ್ಕು ಅಂಚುಗಳಲ್ಲಿ ಕಾಲು ಇಂಚಿನಷ್ಟು ಜಾಗದಲ್ಲಿ ಏನನ್ನೂ ಮುದ್ರಿಸುವುದಿಲ್ಲವೆಂದೂ, ಟಿನ್ ಕಪ್ ಹಾರ್ಬರ್ ಮೇಲಂಚಿನ ಸದರಿ ಕಾಲು ಇಂಚಿನಲ್ಲಿ ವಾಸವಾಗಿದೆಯೆಂದೂ ಕಂಡುಬಂದಿರುತ್ತದೆ. ಸಹಾಯಕಿಯವರು ನಕ್ಷೆಯನ್ನು ಕೊಂಚ ಕೆಳಗಿಳಿಸಬಹುದೇ ಎಂದು ಟಿಪ್ಪಣಿ ಮಂಡಿಸಿದ್ದರು. ನಕ್ಷೆಯು ಸಮಿತಿಯಿಂದ ಅನುಮೋದನೆಗೊಂಡಿದ್ದು ಮುಂದಿನ ಜನಗಣತಿಯವರೆಗೆ ಬದಲಿಸಲು ಬರುವುದಿಲ್ಲವೆಂದೂ, ನಕ್ಷೆ ಸರಿಯಾಗಿಯೇ ಇದ್ದು ಕಾಗದವೇ ಗಿಡ್ಡವಾಗಿದೆಯೆಂದೂ ಮುಖ್ಯ ನಕ್ಷಾಧಿಕಾರಿಗಳು ಷರಾ ಬರೆದಿರುತ್ತಾರೆ.

ಇದರ ನಡುವೆ ಕೌಂಟಿಯ ರಸ್ತೆ ಮಂಡಳಿಯು, ಹಿಮ ತಳ್ಳುವ ಮಾರ್ಗವೆಂದರೆ ಉಚಿತ ನಕ್ಷೆಯಲ್ಲಿ ಮುದ್ರಿತವಾಗುವ ಮಾರ್ಗ ಮಾತ್ರ ಎಂದು ತೀರ್ಮಾನಿಸಿದೆ. ಈ ತೀರ್ಮಾನದಿಂದ ತಮಗೆ ಆಗುವ ತೊಂದರೆಯನ್ನು ಶ್ರೀಮತಿ ಟ್ರೆಂಬಾತ್ ಅವರು ದೂರವಾಣಿಯಲ್ಲಿ ಸಹಾಯಕಿಯವರಿಗೆ ಹೀಗೆ ತಿಳಿಸಿದರು:

“ನೋಡೇ ವೆಂಡ್ಲಾ, ರಸ್ತೆ ಇಲ್ದಿದ್ರೆ ಹಿಟ್ಟು ಬರಲ್ಲ, ಹಿಟ್ಟಿಲ್ದಿದ್ರೆ ಒಲೆ ಹಚ್ಚೋ ಹಾಗಿಲ್ಲ. ಫೆಬ್ರವರಿವರೆಗೆ ನೋಡ್ತೀನಿ. ಆಮೇಲೆ ಅಂಗಡಿಗೆ ಬೀಗ ಹಾಕಿ ಗ್ರೀನ್ ಬೇ ಊರಲ್ಲಿರೋ ತಂಗಿ ಮನೆ ಸೇರ್ಬೇಕು. ಅವಳು ಪ್ಯಾಸ್ಟಿಗೆ ಕ್ಯಾರೆಟ್ ಹಾಕ್ತಾಳೆ ಕಣೇ. ಕ್ಯಾರೆಟ್! ಈ ವಯಸ್ನಲ್ಲಿ ನಾನು ಅದನ್ನ ನುಂಗ್ಕೊಂಡು ಬದುಕ್ಬೇಕಾ?”

ಅಂಗಡಿ ಮುಚ್ಚಿದಲ್ಲಿ ಊರಿನ ಉಳಿದ ಮನೆಗಳೂ ಒಂದೊಂದಾಗಿ ಮುಚ್ಚುವ ಸಂಭವವಿದೆಯೆಂದು ಸಹಾಯಕಿಯವರು ಪ್ರತ್ಯೇಕ ಟಿಪ್ಪಣಿ ಮಂಡಿಸಿದ್ದು, ಅದನ್ನು ಮಂಡಿಸಿದಲ್ಲಿಯೇ ಇರಿಸಲಾಗಿದೆ. ಆದ್ದರಿಂದ ಸಮಸ್ತ ಸಿಬ್ಬಂದಿ ಮತ್ತು ಸಾರ್ವಜನಿಕರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಹಾಳೆಯ ಅಂಚಿನಿಂದ ಕಾಲು ಇಂಚಿನೊಳಗೆ ಬರುವ ಎಲ್ಲ ಊರುಗಳನ್ನು ಇನ್ನು ಮುಂದೆ ‘ಅಂಚಿನ ಊರು’ ಎಂದು ಕರೆಯತಕ್ಕದ್ದು. ಮುದ್ರಣದಲ್ಲಿ ಬಾರದ ಮಾತ್ರಕ್ಕೆ ಅಂಚಿನ ಊರು ಇಲ್ಲವೆಂದು ಅರ್ಥವಲ್ಲ. ಇದೆಯೆಂದು ಈ ಶಾಖೆ ಖಾತರಿಯನ್ನೂ ಕೊಡುವುದಿಲ್ಲ.

2. ಮುದ್ರಿಸುವಾಗ ‘ಹಾಳೆಗೆ ಹೊಂದಿಸು’ ಎಂಬ ಚೌಕದಲ್ಲಿ ಗುರುತು ಹಾಕಿದರೆ ಟಿನ್ ಕಪ್ ಹಾರ್ಬರ್ ಕಾಣಿಸಿಕೊಳ್ಳುತ್ತದೆಂದು ಕೆಲವರು ತಿಳಿಸಿರುತ್ತಾರೆ. ಹಾಗೆ ಮಾಡಿದಲ್ಲಿ ಇಡೀ ಕೌಂಟಿ ಕುಗ್ಗಿ, ಅನುಮೋದಿತ ಮೈಲಿಗಳು ಗಿಡ್ಡವಾಗುತ್ತವೆ. ಇಂತಹ ನಕ್ಷೆ ಹಿಡಿದು ಹೊರಟವರು ಬೇಗ ತಲುಪುವ ನಿರೀಕ್ಷೆ ಇಟ್ಟುಕೊಳ್ಳತಕ್ಕದ್ದಲ್ಲ. ಸದರಿ ಚೌಕವನ್ನು ಮುಟ್ಟುವುದನ್ನು ನಿಷೇಧಿಸಲಾಗಿದೆ.

3. ಪ್ರಾಯೋಗಿಕವಾಗಿ ಒಂದು ದಿನದ ಮಟ್ಟಿಗೆ ನಕ್ಷೆಯನ್ನೇ ತಲೆಕೆಳಗಾಗಿ ಮುದ್ರಿಸಿ ನೋಡಲಾಯಿತು. ಪ್ರಿಂಟರ್ ಖಾಲಿ ಬಿಡುವ ಕೆಳಂಚು ಮೇಲಂಚಿಗಿಂತ ಕೂದಲೆಳೆಯಷ್ಟು ಕಿರಿದಾಗಿರುವುದರಿಂದ ಟಿನ್ ಕಪ್ಪಿನ ಒಂದು ಚುಕ್ಕೆ ಬಂದಿತು. ಅದೇ ಅಳತೆಗೆ ದಕ್ಷಿಣ ತುದಿಯ ಬರ್ಚ್ ಸೈಡಿಂಗ್ ಎಂಬ ಊರು ಹೋಯಿತು. ಆ ಊರಿನ ಹೋಟೆಲಿನವರು ಖುದ್ದಾಗಿ ಬಂದು, “ನಮ್ಮೂರ್ನ ಕೊಯ್ದು ಅವ್ರೂರಿಗೆ ತೇಪೆ ಹಾಕ್ತೀರಾ? ನಡುವಿನ ಕೆರೇಲಿ ಅಷ್ಟು ದೊಡ್ಡ ಮೀನಿನ ಚಿತ್ರ ಮಲಗಿದ್ಯಲ್ಲ, ಅದನ್ನ ಸ್ವಲ್ಪ ಸರಿಸೋಕೇನು ರೋಗ?” ಎಂದು ಕೇಳಿದರು. ಸದರಿ ಮೀನನ್ನು ಮುಖ್ಯ ನಕ್ಷಾಧಿಕಾರಿಗಳು ಸ್ವತಃ ಬರೆದಿದ್ದು, ಅದನ್ನು ಸರಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಪ್ರಯೋಗವನ್ನು ಕೈಬಿಡಲಾಗಿದೆ.

4. ಅಂಚಿನ ಊರಿನ ನಿವಾಸಿಗಳು ಇಚ್ಛಿಸಿದಲ್ಲಿ ತಮ್ಮ ಊರನ್ನು ನಕ್ಷೆಯ ಮೇಲೆ ಪೆನ್ಸಿಲಿನಿಂದ ತಾವೇ ಬರೆದುಕೊಳ್ಳಬಹುದು. ಪೆನ್ನು ಬಳಸತಕ್ಕದ್ದಲ್ಲ. ಪೆನ್ನಿನಿಂದ ಬರೆದ ಊರು ಕಾಯಂ ಊರೆಂಬ ಭಾವನೆ ಮೂಡಿಸುತ್ತದೆ.

5. ನಾಲ್ಕನೇ ತರಗತಿಯ ಪರೀಕ್ಷೆಯಲ್ಲಿ “ಕೌಂಟಿಯ ಉತ್ತರ ತುದಿಯಲ್ಲಿ ಏನಿದೆ?” ಎಂಬ ಪ್ರಶ್ನೆಗೆ, ಈ ನಕ್ಷೆಯಿಂದ ಓದಿದ ಮಕ್ಕಳು “ಬಿಳಿ” ಎಂದು ಉತ್ತರಿಸಿದ್ದು, ಪೂರ್ಣ ಅಂಕ ನೀಡಲಾಗಿದೆ. “ನಮ್ಮನೆ” ಎಂದು ಬರೆದ ಒಬ್ಬ ವಿದ್ಯಾರ್ಥಿನಿಗೆ ನಕ್ಷೆಯ ಆಧಾರವಿಲ್ಲದ ಕಾರಣ ಅರ್ಧ ಅಂಕ ನೀಡಿರುವುದನ್ನು ಈ ಶಾಖೆ ಒಪ್ಪಿರುತ್ತದೆ. ಸಹಾಯಕಿಯವರು ಒಪ್ಪಿರುವುದಿಲ್ಲ.

6. ಸೇತುವೆಯ ಕೆಳಗಿನವರು ತಮ್ಮ ಊರು ತೋರಿಸಲು ಅಂಗೈಯನ್ನೇ ನಕ್ಷೆಯಾಗಿ ನೆಟ್ಟಗೆ ಹಿಡಿಯುವಂತೆ, ಮೇಲಿನವರಾದ ನಾವು ಎಡಗೈ ಅಡ್ಡ ಹಿಡಿದು ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸುವ ರೂಢಿ ಇದೆ. ಇದರಲ್ಲಿ ಟಿನ್ ಕಪ್ ಹಾರ್ಬರ್ ಹೆಬ್ಬೆರಳಿನ ಉಗುರಿನ ಮೇಲೆ ಬರುತ್ತದೆ. ಕೈಯು ಈ ಶಾಖೆಯಿಂದ ಅನುಮೋದಿತ ನಕ್ಷೆಯಲ್ಲ. ಅನಿವಾರ್ಯವಾಗಿ ಬಳಸುವವರು

(ಅ) ಕೈಗವಸು ಕಳಚಿಯೇ ತೋರಿಸತಕ್ಕದ್ದು. ಉಣ್ಣೆಯ ಕೈಗವಸಿನಲ್ಲಿ ಕೌಂಟಿ ಊದಿಕೊಂಡು ಕಾಣುತ್ತದೆ.

(ಆ) ಉಗುರನ್ನು ಕಾಲಕಾಲಕ್ಕೆ ಕತ್ತರಿಸತಕ್ಕದ್ದು. ಬೆಳೆದ ಉಗುರು ಸುಪೀರಿಯರ್ ಸರೋವರವನ್ನು ದಾಟಿ ಕೆನಡಾದ ಗಡಿಗೆ ತಾಗಿದಲ್ಲಿ ಉಂಟಾಗುವ ಪತ್ರವ್ಯವಹಾರಕ್ಕೆ ಈ ಶಾಖೆ ಹೊಣೆಯಲ್ಲ.

(ಇ) ಗರಗಸದಲ್ಲಿ ಹೆಬ್ಬೆರಳಿನ ತುದಿ ಕಳೆದುಕೊಂಡ ಮರ ಕಡಿಯುವ ನಿವೃತ್ತ ಕಾರ್ಮಿಕರೊಬ್ಬರು, “ನನ್ ಕೈಲೂ ಆ ಊರಿಲ್ಲ, ನಿಮ್ ಕಾಗದದಲ್ಲೂ ಇಲ್ಲ. ಲೊರೆಟ್ಟಾ ಮಾಡಿದ ಪ್ಯಾಸ್ಟಿ ಹೊಟ್ಟೇಲಿದೆ, ಬೇಕಾದ್ರೆ ಅದನ್ನ ಸಾಕ್ಷಿಗೆ ತಗೊಳಿ” ಎಂದಿರುತ್ತಾರೆ. ಸಾಕ್ಷಿಯನ್ನು ಸ್ವೀಕರಿಸುವ ವಿಧಾನ ತಿಳಿಯದ ಕಾರಣ ಬಾಕಿ ಇರಿಸಲಾಗಿದೆ.

7. ಹಿಮ ತಳ್ಳುವ ಲಾರಿಯು ಕಾಗದ ಮುಗಿದಲ್ಲಿ ನಿಲ್ಲತಕ್ಕದ್ದು. ಟಪಾಲು ಡಬ್ಬಿಗಳ ಹಿತದೃಷ್ಟಿಯಿಂದ ರಿವರ್ಸಿನಲ್ಲಿ ಬರುವುದನ್ನು ವಿಚಾರಣೆಯ ದಿನದಿಂದಲೇ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದ್ದು, ಲಾರಿಯನ್ನು ತಿರುಗಿಸಿಯೇ ತರತಕ್ಕದ್ದು. ಎಲ್ಲಿ ತಿರುಗಿಸಬೇಕೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

8. ಶ್ರೀ ಫಿಚ್ ಅವರ ಹುದ್ದೆ ಇನ್ನೂ ಕಾಯಂ ಆಗಿರುವುದಿಲ್ಲ. ಕಾಗದದಾಚೆ ಒಂದು ಗಜ ಹಿಮ ತಳ್ಳಿದರೂ ಅವರನ್ನು ಸೇತುವೆಯ ಕೆಳಕ್ಕೆ ವಾಪಸು ಕಳುಹಿಸಲಾಗುವುದು.

9. ಈ ಸುತ್ತೋಲೆಯಿಂದ ನೊಂದ ಅಂಚಿನ ಊರಿನ ನಿವಾಸಿಗಳು ಮೇಲ್ಮನವಿಯನ್ನು ಖುದ್ದಾಗಿ ಹಾಜರಾಗಿ ಸಲ್ಲಿಸತಕ್ಕದ್ದು. ರಸ್ತೆ ಮುಚ್ಚಿರುವುದನ್ನು ಗೈರುಹಾಜರಿಗೆ ಕಾರಣವೆಂದು ಪರಿಗಣಿಸಲಾಗುವುದಿಲ್ಲ.

10. ಕಾಗದದಾಚೆ ಹಿಮ ಹಾಗೆಯೇ ಇದೆಯೆಂಬುದನ್ನು ಖಚಿತಪಡಿಸಲು ಸಹಾಯಕಿಯವರನ್ನು ಸ್ಥಳ ತನಿಖೆಗೆ ಕಳುಹಿಸಲಾಗಿತ್ತು. “ಹಿಮ ಬಿದ್ದಿದೆ” ಎಂಬ ಅವರ ವರದಿಯನ್ನು ಸಮಾಧಾನದಿಂದ ಸ್ವೀಕರಿಸಿ ಕಡತ ಮುಕ್ತಾಯಗೊಳಿಸಲಾಗಿದೆ.

(ಸಹಿ)
ಆರ್ಲೋ ಪೆನ್‌ಹೇಲ್
ಮುಖ್ಯ ನಕ್ಷಾಧಿಕಾರಿ ಹಾಗೂ ಮೀನಿನ ಚಿತ್ರಕಾರರು

ಕರಡು: ವೆಂ. ಕೊ.

ಪ್ರತಿಗಳು:
1. ಕೌಂಟಿ ರಸ್ತೆ ಮಂಡಳಿಯ ಅಧ್ಯಕ್ಷರಿಗೆ, ಮಾಹಿತಿಗಾಗಿ.
2. ನಾಲ್ಕನೇ ತರಗತಿಯ ಶಿಕ್ಷಕಿಯವರಿಗೆ, ಉಳಿದ ಅರ್ಧ ಅಂಕದ ಬಗ್ಗೆ ಮರುಚಿಂತನೆ ಮಾಡದಿರಲು.
3. ಬರ್ಚ್ ಸೈಡಿಂಗಿನ ಹೋಟೆಲಿನವರಿಗೆ, ಅವರ ಊರು ವಾಪಸು ಬಂದಿರುವ ಬಗ್ಗೆ.
4. ಶ್ರೀಮತಿ ಲೊರೆಟ್ಟಾ ಟ್ರೆಂಬಾತ್ ಅವರಿಗೆ, ಅಂಚೆ ಮೂಲಕ, ರಸ್ತೆ ತೆರೆದಾಗ.
5. ಮೀನಿಗೆ ಸಂಬಂಧಿಸಿದ ಕಡತಕ್ಕೆ.

11. (ಈ ಕಂಡಿಕೆಯನ್ನು ಕರಡು ತಯಾರಿಸಿದವರು ಹಾಳೆಯ ತಳದ ಕಾಲು ಇಂಚಿನಲ್ಲಿ ಸೇರಿಸಿದ್ದು, ಯಾವ ಪ್ರಿಂಟರಿನಲ್ಲಿಯೂ ಇದು ಬರುವುದಿಲ್ಲ.) ಸ್ಥಳ ತನಿಖೆಯ ದಿನ ಸಹಾಯಕಿಯವರು ನಕ್ಷೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು, ಕಾಗದ ಮುಗಿಯುವ ತಿರುವಿಗೆ ಬಹಳ ನಿಧಾನವಾಗಿ ಬಂದು ಕಾರು ನಿಲ್ಲಿಸಿದರು. ಮುಂದೆ ಎದೆಯೆತ್ತರದ ಹಿಮದ ಗೋಡೆ ಇರುವುದೆಂದು ತಿಳಿದಿದ್ದರು. ಗೋಡೆ ಇರಲಿಲ್ಲ. ರಸ್ತೆ ಆಗತಾನೇ ಬಾಚಿದಂತೆ ಸ್ವಚ್ಛವಾಗಿ, ಎರಡೂ ಬದಿಗೆ ಹಿಮದ ದಂಡೆ ಕಟ್ಟಿಕೊಂಡು ನೇರವಾಗಿ ಹೋಗಿತ್ತು. ತಾನು ಬೇರೆ ರಸ್ತೆಗೆ ಬಂದೆನೇ ಎಂದು ನಕ್ಷೆ ನೋಡಿದರು. ನಕ್ಷೆಯಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ಹೋಗುವುದೇ ಕ್ಷೇಮವೆಂದು ಅನ್ನಿಸಿದರೂ ಕಾರು ಮುಂದಕ್ಕೇ ಹೋಯಿತು. ರಸ್ತೆಯ ಕೊನೆಯಲ್ಲಿ ಅಂಗಡಿಯ ಚಿಮಣಿಯಿಂದ ಹೊಗೆ ಏಳುತ್ತಿದ್ದು, ಅಂಗಳದಲ್ಲಿ ಲಾರಿ ನಿಂತಿತ್ತು. ಒಳಗೆ ಶ್ರೀ ಫಿಚ್ ಅವರು ಪ್ಯಾಸ್ಟಿಯ ಮುಂದೆ ಕುಳಿತಿದ್ದು, ಸಹಾಯಕಿಯವರನ್ನು ಕಂಡೊಡನೆ ಬಾಯಲ್ಲಿದ್ದುದನ್ನು ನುಂಗಿ ಎದ್ದುನಿಂತರು.

“ಬಾರೇ ವೆಂಡ್ಲಾ,” ಎಂದರು ಲೊರೆಟ್ಟಾ, “ಏನು, ಕಾಗದದಿಂದ ಜಾರಿ ಬಿದ್ಬಿಟ್ಯಾ?”

“ಮೇಡಂ, ನಾನು ತಳ್ಳೋದು ಕಾಗದ ಮುಗಿಯೋವರೆಗೆ ಮಾತ್ರ,” ಎಂದರು ಶ್ರೀ ಫಿಚ್. “ಆಮೇಲೆ ತಿರುಗಿಸ್ಬೇಕಲ್ಲ. ರಿವರ್ಸ್ ಮಾಡ್ಬಾರ್ದು ಅಂದ್ರು ಸಾಹೇಬ್ರು. ಅಷ್ಟು ದೊಡ್ಡ ಗಾಡಿ ತಿರುಗೋಕೆ ಇವ್ರ ಅಂಗಳ ಬಿಟ್ರೆ ಜಾಗ ಎಲ್ಲಿದೆ ಹೇಳಿ?”

“ಹಿಮ ತಳ್ಳುವ ಬ್ಲೇಡು ಎತ್ತಿಕೊಂಡು ಬರಬಹುದಲ್ಲ?” ಎಂದರು ಸಹಾಯಕಿಯವರು.

“ಎತ್ತೋಕೆ ಮರೆತೋಗತ್ತೆ ಮೇಡಂ.”

“ಪ್ರತಿ ಸಲವೂ?”

“ಸೇತುವೆ ಕೆಳಗಿನೋರಲ್ವಾ, ಮರೆವು ಜಾಸ್ತಿ,” ಎಂದ ಲೊರೆಟ್ಟಾ ಇನ್ನೊಂದು ತಟ್ಟೆ ತಂದಿಟ್ಟರು. “ಕೂತ್ಕೋ, ತಣ್ಣಗಾಗತ್ತೆ. ಕ್ಯಾರೆಟ್ ಇಲ್ಲ, ಹೆದರ್ಬೇಡ.”

ಸಹಾಯಕಿಯವರು ಕಿಟಕಿಯಿಂದಾಚೆ ಎರಡು ಸಲ ನೋಡಿದರು. ಹಿಂಬಾಲಿಸಿ ಬಂದವರು ಯಾರೂ ಇರಲಿಲ್ಲ. ಕುಳಿತು ತಿಂದರು. ಸುಳ್ಳು ಬರೆಯುವ ಅಭ್ಯಾಸ ಅವರಿಗಿಲ್ಲದ ಕಾರಣ, ವರದಿಗೆ ಬೇಕಾದ ಎರಡು ನಿಜವಾದ ಪದಗಳನ್ನು ಅಲ್ಲಿಯೇ ಹುಡುಕಿಕೊಂಡರು. ನಿಜಕ್ಕೂ ಹಿಮ ಬಿದ್ದಿತ್ತು. ಅನಂತರ ಅದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ. ಅಧಿಕಾರಿಗಳು ಕೇಳಿದಲ್ಲಿಯೂ, ಮಂಡಳಿಯವರು ಕೇಳಿದಲ್ಲಿಯೂ, ಎಷ್ಟೇ ಪ್ರೀತಿಯಿಂದ ಸ್ವಂತ ಗಂಡನೇ ಕೇಳಿದಲ್ಲಿಯೂ, ಈ ವಿಷಯವನ್ನು ಯಾರಿಗೂ ಹೇಳತಕ್ಕದ್ದಲ್ಲವೆಂದು ಸಹಾಯಕಿಯವರು ತಮ್ಮ ಮಟ್ಟದಲ್ಲಿಯೇ ತೀರ್ಮಾನಿಸಿರುತ್ತಾರೆ.