ಗುಡ್ಡದ ಕಾರ್ಡಿಗೆ ಅರಿಸಿನ ಹಚ್ಚಿದ್ದು

ಕಾಗದಕ್ಕೆ ಕತ್ತರಿ ಹಾಕುವುದು ಎಂಥ ಮಹಾ ವಿದ್ಯೆ ಎಂದುಕೊಂಡಿದ್ದೆ. ಎಷ್ಟೋ ಹಲಸಿನಕಾಯಿ ಕೊಯ್ದ ಕೈ ಇದು, ಅಂಗೈಯಗಲದ ಕಾಗದ ಯಾವ ಲೆಕ್ಕ? ಈಗ ನಮ್ಮ ಮನೆಯಲ್ಲಿ ಕತ್ತರಿ ಮುಟ್ಟಲು ನನಗೆ ಅಪ್ಪಣೆಯಿಲ್ಲ.

ಮಗಳು ಸುಮಿತ್ರ ಜಯಪುರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ವಯಸ್ಸು ನಲವತ್ತರ ಹತ್ತಿರ. ಮದುವೆ ಬೇಡ ಎಂದಳು. ನಾನು ಬಾಯಿ ನೋಯುವವರೆಗೆ ಹೇಳಿದೆ, ನೋವು ಬಂದ ಮೇಲೆ ಬಿಟ್ಟೆ. ನೆಂಟರು ಬಿಡಲಿಲ್ಲ. ಅವರ ಬಾಯಿ ಗಟ್ಟಿ. ಇವಳನ್ನು ಕಂಡರೆ ಅವರಿಗೆ ಇರುವುದು ಅದೊಂದೇ ಪ್ರಶ್ನೆ. ಹಾಗಾಗಿ ಇವಳು ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಳು. ಸಂಜೆ ಮೊಬೈಲು ನೋಡಿಕೊಂಡು ನೀರುಬಣ್ಣದ ಚಿತ್ರ ಕಲಿಯತೊಡಗಿದಳು.

ಚಿತ್ರವೆಂದರೆ ಹಿತ್ತಲಿಂದ ಕಾಣುವ ಗುಡ್ಡ. ನಿನ್ನೆಯೂ ಅದೇ, ಇವತ್ತೂ ಅದೇ. ಗುಡ್ಡ ಎಲ್ಲೂ ಓಡಿಹೋಗುವುದಿಲ್ಲ, ಬೇರೆ ಏನಾದರೂ ಬರಿ ಎಂದರೆ ಕೇಳಳು. ಬರೆದದ್ದನ್ನೆಲ್ಲ ಮಂಚದಡಿ ತಳ್ಳುವಳು. ಕಾಗದವೋ ರಟ್ಟಿನಷ್ಟು ದಪ್ಪ. ಬಚ್ಚಲೊಲೆಗೆ ಹಾಕಲೇ ಎಂದು ಕೇಳಿದ್ದಕ್ಕೆ, ಹಾಕು, ಅದು ಬರೀ ಅಭ್ಯಾಸದ್ದು ಎಂದಳು.

ಒಂದು ಸಂಜೆ ಯಾರೋ ಇಂಥ ಅಭ್ಯಾಸದ ಚಿತ್ರಗಳನ್ನೇ ಕತ್ತರಿಸಿ, ಅಂಟಿಸಿ, ಗ್ರೀಟಿಂಗ್ ಕಾರ್ಡು ಮಾಡುವುದನ್ನು ಮೊಬೈಲಿನಲ್ಲಿ ತೋರಿಸಿದಳು. ನೀನೂ ಮಾಡು ಅಂದೆ.

"ಮಾಡಿ ಯಾರಿಗೆ ಕಳ್ಸ್ಲಿ ಅಮ್ಮ?" ಎಂದು ಮೊಬೈಲು ಮಗುಚಿಟ್ಟಳು.

ಆ ಮಾತು ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನೇ ಮಾಡಿ ಯುಗಾದಿಗೆ ನೆಂಟರಿಗೆಲ್ಲ ಕಳಿಸುವುದು ಎಂದು ತೀರ್ಮಾನಿಸಿದೆ. ಇವಳ ಚಿತ್ರ ನೋಡಲಿ, ಒಮ್ಮೆಯಾದರೂ ಮದುವೆ ಬಿಟ್ಟು ಬೇರೆ ಮಾತಾಡಲಿ. ಉದ್ದೇಶ ಉತ್ತಮವಾಗಿತ್ತು. ಉದ್ದೇಶದಲ್ಲಿ ನಾನು ಯಾವತ್ತೂ ತಪ್ಪಿದವಳಲ್ಲ.

ಅವಳು ಕೆಲಸಕ್ಕೆ ಹೋದ ಮೇಲೆ ಮಂಚದಡಿಯ ಕಟ್ಟು ಎಳೆದೆ. ಮೇಲಿನ ಚಿತ್ರಕ್ಕೆ ಧೂಳು ಕೂತಿತ್ತು. ಅಡುಗೆ ಕಟ್ಟೆ ಒರೆಸುವ ಒದ್ದೆ ಬಟ್ಟೆ ತಂದು ಒರೆಸಿದೆ. ಅರ್ಧ ಗುಡ್ಡ ಬಟ್ಟೆಗೆ ಬಂತು, ಉಳಿದರ್ಧ ಆಕಾಶಕ್ಕೆ ಹೋಯಿತು! ಎಸೆಯಲು ಮನಸ್ಸು ಬರಲಿಲ್ಲ. ನೆಮ್ಮಾರಿನ ಅಕ್ಕನಿಗೆ ಇರಲಿ ಎಂದು ಬದಿಗಿಟ್ಟೆ. ಅವಳ ಕಣ್ಣಿಗೆ ಪೊರೆ ಬಂದಿದೆ, ಎಲ್ಲ ಚಿತ್ರವೂ ಹಾಗೇ ಕಾಣುತ್ತದೆ.

ಅದನ್ನೂ ಉಳಿದವನ್ನೂ ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅಂಟಿಸಿದೆ. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸುಮಿತ್ರ ಕುಂಚದ ಬಣ್ಣವನ್ನು ಕಾಗದದ ಮೂಲೆಗೆ ಹಚ್ಚಿ ನೋಡುತ್ತಾಳೆ, ಹಾಗಾಗಿ ಬಣ್ಣದ ಮೇಲೆ ಬಣ್ಣ ಬಿದ್ದು ಮೂಲೆಯಲ್ಲೆಲ್ಲ ಕಪ್ಪು. ಮೂಲೆ ಕಪ್ಪಾದ ಕಾಗದ ಮನೆಗೆ ಬಂದರೆ ಜನ ಏನು ತಿಳಿಯುತ್ತಾರೆ? ಸಾವಿನ ಸುದ್ದಿ ಎಂದು. ಓದುವ ಮೊದಲೇ ಸ್ನಾನಕ್ಕೆ ಓಡುತ್ತಾರೆ. ನನಗೆ ಓದು ಕಡಿಮೆಯಿರಬಹುದು, ಇಷ್ಟು ತಿಳಿವಳಿಕೆ ಇದೆ. ನಾಲ್ಕೂ ಮೂಲೆಗೆ ದಪ್ಪಗೆ ಅರಿಸಿನ ಹಚ್ಚಿ ಕಪ್ಪನ್ನು ಮುಚ್ಚಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಒಳಗೆ ಏನಾದರೂ ಬರೆಯಬೇಕಲ್ಲ. ಎರಡನೇ ಕ್ಲಾಸಿನ ಅಕ್ಷರ ಎಷ್ಟು ದೂರ ನಡೆದೀತು? "ಶುಭ" ಎಂದು ಬರೆದೆ. ಚಿತ್ರ ಬರೆದವಳ ಹೆಸರು ಬೇಕು, "ಸುಮಿತ್ರ" ಎಂದು ಹಾಕಿದೆ. ಇನ್ನೂ ಜಾಗ ಉಳಿಯಿತು. ನೆಂಟರಿಗೆ ಕಾಗದ ಬರೆದು ಕರೆಯದಿರುವುದು ಮರ್ಯಾದೆಯಲ್ಲ. "ಬನ್ನಿ" ಎಂದೂ ಸೇರಿಸಿದೆ.

ಪಕ್ಕದ ಮನೆಯ ರತ್ನ ಎಲ್ಲವನ್ನೂ ಬಸ್ಸಿನವರ ಕೈಗೆ ಕೊಟ್ಟು ಬಂದಳು. ಹಬ್ಬದೊಳಗೆ ಮುಟ್ಟಲೇಬೇಕು ಎಂದು ನಾನೇ ಒತ್ತಿ ಹೇಳಿಸಿದ್ದೆ.

ಮೊದಲ ಫೋನು ಹರಿಹರಪುರದ ತಮ್ಮನದು. ಬೆಂಕಿಯಾಗಿದ್ದ.

"ಅಕ್ಕ, ನಾನು ಸೋದರಮಾವ. ನಂಗೆ ಮದ್ವೆ ಕಾಗ್ದ ಬಸ್ಸಲ್ಲಿ ಕಳ್ಸ್ತೀಯಾ? ಮನೆಗೆ ಬಂದು ಕರಿಯಕ್ಕೆ ನಿಂಗೆ ಕಾಲಿಲ್ವಾ?"

"ಯಾರ ಮದ್ವೆಯೋ ಮಾರಾಯ?"

"ಅರಿಸಿನ ಹಚ್ಚಿ, ಶುಭ ಅಂತ ಬರ್ದು, ಸುಮಿತ್ರನ ಹೆಸ್ರು ಹಾಕಿ, ಬನ್ನಿ ಅಂದು, ಈಗ ಯಾರ ಮದ್ವೆ ಅಂತೀಯಲ್ಲ."

ಆಗ ನನಗೆ ಹೊಳೆಯಿತು. ಸಾವು ತಪ್ಪಿಸಲು ಹೋಗಿ ಮದುವೆ ಮಾಡಿಬಿಟ್ಟಿದ್ದೆ!

ನರಸಿಂಹರಾಜಪುರದ ನಾದಿನಿ ಸಿಟ್ಟಾಗಲಿಲ್ಲ, ದನಿ ಇಳಿಸಿದಳು. "ಹುಡ್ಗನ ಹೆಸ್ರು ಹಾಕ್ಲಿಲ್ವಲ್ಲ ಅತ್ತಿಗೆ, ಬೇರೆ ಜಾತಿಯವ್ನಾ? ಇರ್ಲಿ ಬಿಡಿ, ಈಗೆಲ್ಲ ನಡೀತದೆ."

ಮದುವೆಯೇ ಇಲ್ಲ ಎಂದು ಆಣೆ ಮಾಡಿದೆ. ನಾನು ಇಲ್ಲ ಎಂದಷ್ಟೂ ಅವರಿಗೆ ಗಟ್ಟಿಯಾಯಿತು, ಇದು ಗುಟ್ಟಿನ ಮದುವೆಯೇ ಎಂದು. ಇಷ್ಟು ಹೇಳಿದ ಮೇಲೆ ಯಾರು ಬಂದಾರು ಎಂದುಕೊಂಡು ಸುಮಿತ್ರನಿಗೆ ಒಂದು ಮಾತೂ ಹೇಳಲಿಲ್ಲ.

ಬಂದರು. ಹಬ್ಬದೊಳಗೆ ಮುಟ್ಟಬೇಕು ಎಂದಿದ್ದರಿಂದ ಮದುವೆ ಹಬ್ಬದ ದಿನವೇ ಎಂದು ಲೆಕ್ಕ ಹಾಕಿದ್ದರಂತೆ. ಯುಗಾದಿಯ ದಿನ ಬೇವು-ಬೆಲ್ಲ ಇನ್ನೂ ಬಾಯಲ್ಲಿತ್ತು, ಅಂಗಳಕ್ಕೆ ಜೀಪು ಬಂತು. ಹೊಸ ಪಂಚೆಯುಟ್ಟ ತಮ್ಮ, ಪಿಸುಗುಟ್ಟುವ ನಾದಿನಿ, ಮದುವೆ ಮನೆಗೆಂದು ಹಪ್ಪಳದ ಡಬ್ಬಿ ಹೊತ್ತ ತನ್ನ ಸೊಸೆಯ ಕೈ ಹಿಡಿದು ನೆಮ್ಮಾರಿನ ಅಕ್ಕ. ತಮ್ಮ ನೇರ ಬಂದು ಬಾಗಿಲಲ್ಲಿದ್ದ ಸುಮಿತ್ರನ ಕೈಯಲ್ಲಿ ಸೀರೆಯಿಟ್ಟು, ಹುಡುಗ ಎಲ್ಲಿ ಎಂದು ಕೇಳಿದ.

ಅವಳು ನನ್ನನ್ನು ನೋಡಿದಳು. ನಾನು ಹೇಳಿದೆ. ಮಂಚದಡಿಯಿಂದ ಅರಿಸಿನದವರೆಗೆ ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ನಾದಿನಿ, "ಹಾಗಾದ್ರೆ ಇನ್ನೂ ಇಲ್ವಾ?" ಎಂದಳು. ಮತ್ತೆ ಅದೇ ಪ್ರಶ್ನೆ. ಸುಮಿತ್ರ ಸೀರೆಯನ್ನು ಬೆಂಚಿನ ಮೇಲಿಟ್ಟು ತನ್ನ ಕೋಣೆಯ ಕಡೆ ತಿರುಗಿದಳು. ಆ ಬಾಗಿಲು ಮುಚ್ಚಿದರೆ ಇವಳು ಇನ್ನು ಈ ಜನರ ಮುಖ ನೋಡುವವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ?

ಅಕ್ಕ ಚೀಲದಿಂದ ಕಾರ್ಡು ತೆಗೆದಳು.

"ಮದ್ವೆ ಇಲ್ದಿದ್ರೆ ಬಿಡಿ, ಊಟ ಇದ್ಯಲ್ಲ. ಸುಮಿ, ಇಲ್ಲಿ ಬಾ. ಈ ಗುಡ್ಡಕ್ಕೆ ಮಳೆ ಬರ್ತಾ ಇದ್ಯಾ, ಬಂದು ಹೋಗ್ತಾ ಇದ್ಯಾ? ಕಾರ್ಡು ಬಂದಾಗಿಂದ ನಂಗೂ ಇವ್ಳಿಗೂ ಇದೇ ಜಗಳ."

"ಹೋಗ್ತಾ ಇದೆ ಅತ್ತೆ, ಮೇಲೆ ಬೆಳಕಾಗಿದೆ ನೋಡಿ" ಎಂದಳು ಸೊಸೆ.

"ನಂಗೆ ಪೊರೆ, ನಿಂಗೆ ಎಂತ ಆಗಿದೆ?"

ತಮ್ಮನೂ ಜೇಬಿನಿಂದ ತನ್ನ ಕಾರ್ಡು ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತನ್ನದರಲ್ಲಿ ಮಳೆಯೇ ಇಲ್ಲವಲ್ಲ ಎಂದು ಮುಖ ಸಣ್ಣ ಮಾಡಿದ.

ಸುಮಿತ್ರ ಹಿಂತಿರುಗಿ ಬಂದಳು. ಅಕ್ಕನ ಕಾರ್ಡು ಎತ್ತಿ ತಿರುಗಿಸಿ ನೋಡಿದಳು. ಅವಳು ಯಾವತ್ತೂ ಮಳೆ ಬರೆದವಳಲ್ಲ. ಆಮೇಲೆ ಅವಳ ಕಣ್ಣು ಅಡುಗೆ ಕಟ್ಟೆಯ ಮೇಲಿದ್ದ ಹಸಿರು ಕಲೆಯ ಬಟ್ಟೆಯ ಮೇಲೆ ಹೋಯಿತು. ನಾನು ಮಾಡಿನ ಹೆಂಚು ಎಣಿಸತೊಡಗಿದೆ.

"ಬರ್ತಾ ಇದೆ ದೊಡ್ಡಮ್ಮ" ಎಂದಳು.

ಇಬ್ಬರಿಗೆಂದು ಮಾಡಿದ ಒಬ್ಬಟ್ಟನ್ನು ಎಲ್ಲರಿಗೂ ಚೂರು ಮಾಡಿ ಬಡಿಸಿದೆ. ಅವಳು ಹಿತ್ತಲಿಗೆ ಕರೆದೊಯ್ದು ಎಲ್ಲರಿಗೂ ಗುಡ್ಡ ತೋರಿಸಿದಳು. ಅಕ್ಕನಿಗೆ ಗುಡ್ಡ ಕಾಣಲಿಲ್ಲ, ಚಿತ್ರದ್ದೇ ಚೆನ್ನಾಗಿದೆ ಎಂದಳು. ಹೊರಡುವಾಗ ತಮ್ಮ ಸೀರೆ ಹಿಂದೆ ತೆಗೆದುಕೊಳ್ಳಲಿಲ್ಲ. ಅದರ ಬದಲು ತನಗೂ ಮಳೆ ಇರುವುದೊಂದು ಬೇಕು ಎಂದ.

ಈಗ ಚಿತ್ರಗಳೆಲ್ಲ ಪೆಟ್ಟಿಗೆಯಲ್ಲಿವೆ, ಪೆಟ್ಟಿಗೆಗೆ ಬೀಗವಿದೆ, ಬೀಗದ ಕೈ ನನಗೆ ಸಿಗುವಲ್ಲಿಲ್ಲ. ಸೋದರಮಾವನಿಗೆ ಮಳೆ ಬರೆಯಬೇಕೆಂದು ನನ್ನ ಒರೆಸುವ ಬಟ್ಟೆಯನ್ನೂ ಅದರೊಳಗೇ ಇಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಚಿತ್ರ ಬರೆದು ಹೆಸರು ಗಳಿಸಿದ್ದು ಆ ಬಟ್ಟೆಯೊಂದೇ. ನಾನು ಕಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತಿದ್ದೇನೆ.