ಕುಬಸಕ್ಕೆ ಎರಡು ಡಜನ್ ಸಿಂಪಿ

"ಸಮುದ್ರ ಔರಾದಕ್ಕ ಬರಂಗಿಲ್ಲಂದ್ರ, ನಾನೇ ಸಮುದ್ರಾನ ಔರಾದಕ್ಕ ತರ್ತೇನಿ!"

ಗೌರವ ಎಂಬ ಹೆಸರಿನ ಮಾಸ್ತರರು ಈ ಘೋಷಣೆ ಮಾಡಿದ್ದು ಊಟಕ್ಕೆ ಕೂತಾಗ, ಎಡಗೈಯನ್ನು ಆಕಾಶಕ್ಕೆತ್ತಿ. ಬಲಗೈಯಲ್ಲಿ ರೊಟ್ಟಿಯ ತುಂಡು ಇದ್ದುದರಿಂದ ಅದನ್ನು ಎತ್ತಲಾಗಲಿಲ್ಲ, ಇಲ್ಲದಿದ್ದರೆ ಎರಡೂ ಕೈ ಎತ್ತುತ್ತಿದ್ದರು. ಸಂತಪುರದ ಹೈಸ್ಕೂಲಿನಲ್ಲಿ ಅವರು ಎಂಟು ವರ್ಷದಿಂದ ವಿಜ್ಞಾನ ಕಲಿಸುತ್ತಾರೆ. ಮೃದ್ವಂಗಿಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಸಿಂಪಿಯ ಚಿತ್ರ ಬರೆದು, ಅದರ ಹೊಟ್ಟೆ, ಕಿವಿರು, ಸ್ನಾಯು ಎಲ್ಲಕ್ಕೂ ಬಾಣದ ಗುರುತು ಹಾಕುತ್ತಾರೆ. ಆದರೆ ಜೀವಂತ ಸಿಂಪಿಯನ್ನು ಅವರು ಜನ್ಮದಲ್ಲಿ ನೋಡಿಲ್ಲ. ನೋಡುವುದಾದರೂ ಹೇಗೆ? ಔರಾದದವರು ರೈಲು ನೋಡಬೇಕೆಂದರೇ ಭಾಲ್ಕಿಗೋ ಬೀದರಿಗೋ ಬಸ್ಸು ಹತ್ತಬೇಕು, ಸಮುದ್ರದ ಮಾತು ಆಮೇಲಿನದು.

ಸಮುದ್ರ ಬೇಕೆಂದವಳು ಹೆಂಡತಿ ಮಹಾಮಾಯಾ. ರತ್ನಾಗಿರಿ ಕಡೆಯ ಹುಡುಗಿ. ಮದುವೆಯಾಗಿ ಎರಡು ವರ್ಷದಲ್ಲಿ ಜೋಳದ ರೊಟ್ಟಿ ಬಡಿಯಲು ಕಲಿತಳು, ಪುಂಡಿಪಲ್ಯೆಗೆ ಒಗ್ಗಿದಳು, ಮಾತಿನ ಕೊನೆಗೆ 'ರಿ' ಹಚ್ಚುವುದನ್ನೂ ರೂಢಿ ಮಾಡಿಕೊಂಡಳು. ಆದರೆ ಏಳು ತಿಂಗಳು ತುಂಬುವ ಹೊತ್ತಿಗೆ ಊಟವೆಂದರೆ ಮುಖ ತಿರುಗಿಸತೊಡಗಿದಳು. ಡಾಕ್ಟರು ದೂರದ ಪ್ರಯಾಣ ಬೇಡವೆಂದಿದ್ದರಿಂದ ತವರಿಗೂ ಹೋಗುವಂತಿರಲಿಲ್ಲ.

"ನನಗ ಕಾಲವಾ ಬೇಕ್ರಿ," ಎಂದಳು. ಅವರ ಕಡೆ ಸಿಂಪಿಗೆ ಹಾಗೆನ್ನುತ್ತಾರೆ. "ನಮ್ಮವ್ವ ಖಾರ ಹಚ್ಚಿ, ರವಾದಾಗ ಹೊಳ್ಳಾಡಿಸಿ, ಕುರುಂ ಕುರುಂ ಕರೀತಾಳಲ್ಲ, ಅದು."

ಮಾಸ್ತರರ ತಾಯಿ ಶೇವಂತಾಬಾಯಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದವರು ಕೈ ನಿಲ್ಲಿಸಿದರು.

"ತರ್ತೀನಂದಿ, ಛಲೋ ಆತು. ಮುಂದಿನ ಐತವಾರ ಸೀಮಂತದ ಕುಬಸ ಅದ, ಅಂದೇ ತೀರಿಸು. ಬಸುರಿ ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರ್ತದ ಬಾಪಾ."

"ಅವ್ವಾ! ಕಿವಿ ಸೋರೋದು ಬ್ಯಾಕ್ಟೀರಿಯಾದಿಂದ! ವಿಜ್ಞಾನ ಮಾಸ್ತರನ ಮನ್ಯಾಗ ಇಂಥಾ ಮೂಢನಂಬಿಕಿ ನಡಿಯಂಗಿಲ್ಲ!"

"ಹಂಗಾರ ನಿಮ್ಮ ಕಾಕಾನ ಕಿವಿ? ಅವ ಹೊಟ್ಯಾಗಿದ್ದಾಗ ನಮ್ಮತ್ತಿ ಸೀತಾಫಲ ಬೇಡಿದ್ದಳಂತ. ಮಾವ ತರಲಿಲ್ಲ. ಐವತ್ತೆಂಟು ವರ್ಷಾತು, ಇನ್ನಾ ಸೋರಾಕತ್ತದ!"

ಬಾಗಿಲ ಹತ್ತಿರ ಕೂತಿದ್ದ ಗೋರಖನಾಥ ಕಾಕಾ ತಲೆ ಎತ್ತಿ, ಅತ್ತಿಗೆಯ ಕಡೆ ನೋಡಿ, "ಏನಂದ್ರಿ ವೈನಿ?" ಎಂದರು. ಅವರ ಬಲಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ. ಉಳಿದವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಕಾಕಾ ಹೊಸ ಹತ್ತಿ ಇಟ್ಟುಕೊಳ್ಳುತ್ತಿದ್ದರು.

ಮಾಸ್ತರರು ದೊಡ್ಡದಾಗಿ ನಕ್ಕರು. ಆದರೆ ಮರುದಿನ ಶಾಲೆಗೆ ಹೊರಡುವ ಮೊದಲು, ಯಾರೂ ಇಲ್ಲದ್ದು ನೋಡಿ, ಕಾಕಾನ ಎಡಗಿವಿಯ ಹತ್ತಿರ ಬಾಗಿದರು.

"ಕಾಕಾ, ಖರೇ ಹೇಳು. ಹುಟ್ಟಿದಾಗಿಂದ ಸೋರ್ತದೇನು?"

"ಹೂಂ ತಮ್ಮಾ. ಸೀತಾಫಲ ಬರೂ ಕಾಲಕ್ಕ ಜರಾ ಹೆಚ್ಚು."

ಅಂದು ಮಾಸ್ತರರು ತರಗತಿಯಲ್ಲಿ ಮೂಢನಂಬಿಕೆಗಳ ವಿರುದ್ಧ ನಲವತ್ತು ನಿಮಿಷ ಗುಡುಗಿದರು. ಸಂಜೆ ಮನೆಗೆ ಬಂದು ಹೆಂಡತಿಯ ಹೊಟ್ಟೆ ನೋಡಿದರೆ, ಹತ್ತಿ ತುರುಕಿದ ಒಂದು ಪುಟ್ಟ ಕಿವಿಯೇ ಕಣ್ಣಿಗೆ ಕಟ್ಟಿತು. ನಂಬಿಕೆ ಸುಳ್ಳೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ. ಇನ್ನೂ ಮುಖ ಕಾಣದ ಮಗುವಿಗೆ ತನ್ನಿಂದ ಏನಾದರೂ ಕೊರತೆಯಾದರೆ?

ಬೀದರಿನ ಮೀನು ಮಾರ್ಕೆಟ್ಟಿಗೆ ಓಡಿದರು.

"ಸಿಂಪಿ ಅದಾವೇನ್ರಿ?"

"ಶಿಂಪಿ ಬೇಕಾದ್ರ ಟೇಲರ್ ಗಲ್ಲಿಗಿ ಹೋಗ್ರಿ ಸಾಬ. ಇಲ್ಲಿ ಬರೇ ರೋಹು, ಕಟ್ಲಾ!"

ಕೊನೆಗೆ ನೆನಪಾದವನು ಕಾಕಾನ ಮಗ ಕಪಿಲ. ಮುಂಬೈಯಲ್ಲಿ ನೌಕರಿ, ಕುಬಸಕ್ಕೆ ಹೇಗೂ ಬರುವವನಿದ್ದ. "ಫಿಕರ್ ಬಿಡು ದಾದಾ! ಚಿಪ್ಪಿನ ಸಮೇತ ಜೀವಂತ ತರ್ತೇನಿ. ಎರಡು ಡಜನ್!" ಎಂದು ಫೋನಿನಲ್ಲಿ ಅಭಯ ಕೊಟ್ಟ.

ಭಾನುವಾರ ಬೆಳಿಗ್ಗೆ ಮಾಸ್ತರರು ಬೈಕು ಹತ್ತಿ ಭಾಲ್ಕಿ ಸ್ಟೇಷನ್ನಿಗೆ ಹೋಗಿ ನಿಂತರು. ರೈಲು ಒಂದು ಗಂಟೆ ತಡ ಎಂದರು. ಆಮೇಲೆ ಎರಡು ಗಂಟೆ ಎಂದರು. ಅಲ್ಲೆಲ್ಲೋ ಡಬ್ಬಿಯೊಳಗೆ ಐಸು ಕರಗುತ್ತಿತ್ತು, ಇಲ್ಲಿ ಮಾಸ್ತರರು ಕರಗುತ್ತಿದ್ದರು. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಹದಿನೇಳು ಸಲ ನಡೆದರು. ಅಂತೂ ರೈಲು ಬಂತು. ಥರ್ಮೋಕೋಲ್ ಡಬ್ಬಿ ತಬ್ಬಿಕೊಂಡು, ನೀರು ಸೋರಿಸಿಕೊಂಡು ಕಪಿಲ ಇಳಿದ.

"ದಾದಾ, ಮಂದಿ ಹಾದಿಯುದ್ದಕ್ಕೂ ಮೂಗು ಮುಚ್ಚಿಕೊಂಡು ನನ್ನ ಸಾಕ್ಸೇ ನೋಡಾಕತ್ತಿದ್ರು. ಮರ್ಯಾದಿ ಹೋತು!"

ಮಹಾಮಾಯಾ ಬೆಳಿಗ್ಗೆ ಹೊರಡುವಾಗಲೇ ಎಚ್ಚರಿಸಿದ್ದಳು: "ಬಾಯಿ ಮುಚ್ಚಿದ್ದು ಜೀವಂತ ಇರ್ತಾವ್ರಿ. ಬಾಯಿ ತೆರದಿದ್ದು ಸತ್ತಾವ, ಒಗದುಬಿಡ್ರಿ." ಅಣ್ಣತಮ್ಮಂದಿರು ರಸ್ತೆ ಬದಿಯಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದರು. ಐದು ಬಾಯಿ ತೆರೆದಿದ್ದವು. ಬಾಯಿ ಮುಚ್ಚಿಕೊಂಡವರೇ ಬದುಕುತ್ತಾರೆ ಎಂಬ ಈ ದೊಡ್ಡ ನೀತಿಯನ್ನು ಮಾಸ್ತರರು ಸಿಂಪಿಗಳಿಗಷ್ಟೇ ಅನ್ವಯಿಸಿ, ಉಳಿದ ಹತ್ತೊಂಬತ್ತನ್ನು ಹೊತ್ತು ಔರಾದಕ್ಕೆ ಹಾರಿದರು.

ಮನೆ ಹೆಂಗಸರಿಂದ ತುಂಬಿಹೋಗಿತ್ತು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಮಹಾಮಾಯಾಳನ್ನು ಮಣೆಯ ಮೇಲೆ ಕೂಡಿಸಿ, ಸುತ್ತಲೂ ಕೂತು ಹಾಡು ಶುರು ಮಾಡಿದ್ದರು. ಒಮ್ಮೆ ಮಣೆ ಏರಿದ ಬಸುರಿ ಆರತಿಯಾಗಿ, ಉಡಿ ತುಂಬಿ, ಐದು ಬಗೆ ಉಣ್ಣುವ ತನಕ ಏಳುವಂತಿಲ್ಲ. ಒಲೆಯ ಮುಂದಂತೂ ಅಂದು ಸುಳಿಯುವಂತೆಯೇ ಇಲ್ಲ. ಇಡೀ ಔರಾದದಲ್ಲಿ ಸಿಂಪಿಯ ಅಡುಗೆ ಬಲ್ಲ ಒಬ್ಬಳೇ ಹೆಣ್ಣುಮಗಳು ಹೀಗೆ ಹಸಿರು ಸೀರೆಯಲ್ಲಿ ಬಂದಿಯಾಗಿದ್ದಳು!

ಒಳಗೆ ಪಕ್ಕದ ಮನೆಯ ಖತೀಜಾ ಬೇಗಂ ಬಂದವರಿಗೆ ಭಜಿ ಕರಿಯುತ್ತಿದ್ದರು. "ಖಾಲಾ, ನೀವು ಜರಾ ಸರೀರಿ," ಎಂದು ಮಾಸ್ತರರು ತೋಳು ಮಡಚಿದರು.

ಸಿಂಪಿ ಬಾಯಿ ಬಿಡಲಿಲ್ಲ! ಚಾಕು ಜಾರಿ ಹೆಬ್ಬೆರಳು ಕೊಯ್ದಿತು. ಚಮಚ ಬಾಗಿತು. ಬೋರ್ಡಿನ ಮೇಲೆ ಎಷ್ಟು ಸಲೀಸಾಗಿ ಎರಡು ಹೋಳು ಮಾಡಿ ತೋರಿಸುತ್ತಿದ್ದರು! ಕೊನೆಗೆ ತಾಯಿಯ ಎಲೆಯಡಿಕೆ ಚೀಲದಿಂದ ಅಡಕೊತ್ತು ತೆಗೆದು, ಚಿಪ್ಪಿನ ಸಂದಿಗೆ ಕೊಟ್ಟು ಒತ್ತಿದರು. ಕಟ್ ಎಂದಿತು.

"ತೆರೀತು!" ಎಂದ ಕಪಿಲ.

ತೆರೆದಿರಲಿಲ್ಲ. ಅಡಕೊತ್ತಿನ ಹಿಡಿ ಮುರಿದಿತ್ತು.

"ಗೌರ್ಯಾ! ಅದು ನನ್ನ ಮದವಿ ಕಾಲದ್ದೋ!" ಎಂದು ಶೇವಂತಾಬಾಯಿ ಹಾಡು ಬಿಟ್ಟು ಎದ್ದು ಬಂದರು.

ಬೈಕಿನ ಸ್ಕ್ರೂಡ್ರೈವರ್ ತರಲು ಅಣ್ಣತಮ್ಮಂದಿರು ಅಂಗಳಕ್ಕೆ ಹೋದರು. ಅದು ಸೀಟಿನ ಕೆಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಹುಡುಕಿ ತರುವಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಮಾಸ್ತರರು ಸ್ಕ್ರೂಡ್ರೈವರ್ ಹಿಡಿದೇ ಓಡಿದರು.

"ಅವ್ವಾ, ಕುಕ್ಕರಿನ್ಯಾಗ ಏನದ?"

"ಒಂದು ಡಜನ್ ಹಾಕೀನಿ. ಜರಾ ಸೋಡಾಪುಡಿನೂ ಹಚ್ಚೀನಿ. ಎಂಥಾ ಮುದಿ ಹೋತಾ ಇದ್ರೂ ಐದು ಸೀಟಿಗಿ ಹಣ್ಣಾಗ್ತದ. ಬೇಸೋದು ನನಗ ಕಲಸ್ತೀಯೇನು?"

ಐದೂ ಸೀಟಿ ಆಗಿಹೋಗಿದ್ದವು. ಮುಚ್ಚಳ ತೆಗೆದರೆ ಹನ್ನೆರಡೂ ಚಿಪ್ಪುಗಳು ಅಗಲವಾಗಿ ಬಾಯಿ ತೆರೆದು ಕೂತಿದ್ದವು. ಒಳಗಿನ ಜೀವ ಮಾತ್ರ ಹುಣಸೆ ಬೀಜದಷ್ಟಾಗಿತ್ತು. ಕಪಿಲ ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದ, ಮತ್ತೆ ಅಗಿದ, ಕೊನೆಗೆ ಹಲ್ಲು ಮುಟ್ಟಿ ನೋಡಿಕೊಂಡ.

ಉಳಿದದ್ದು ಏಳು.

ಹೊರಗೆ ಆರತಿ ಮುಗಿದು, ಮಹಾಮಾಯಾಳ ಮುಂದೆ ತಟ್ಟೆ ಇಡುತ್ತಿದ್ದರು. ತಟ್ಟೆಯ ನಡುವೆ ಸಿಂಪಿಗೆಂದು ಬಿಟ್ಟ ಜಾಗ ಖಾಲಿ ಇತ್ತು. ಮಾಸ್ತರರಿಗೆ ಆ ಜಾಗವೂ ಕಿವಿಯ ಆಕಾರದಲ್ಲೇ ಕಂಡಿತು. ಬೆವರು ಸುರಿಸುತ್ತ, ಸ್ಕ್ರೂಡ್ರೈವರಿನಿಂದ ಮೀಟಿ ಮೀಟಿ, ಅಂತೂ ಏಳರ ಬಾಯಿ ಬಿಡಿಸಿದರು. ಮೆತ್ತಗಿನ ಬೂದು ಮಾಂಸ ತನ್ನ ನೀರಿನಲ್ಲೇ ತೇಲುತ್ತಿತ್ತು. ಅದಕ್ಕೆ ಅರಿಶಿನ, ಖಾರ, ಉಪ್ಪು ಬಿತ್ತು. ಖಾರ ಕಲಸಿದ ರವೆ ಒಂದು ಪರಾತದ ತುಂಬ ತಯಾರಿತ್ತು.

ಖತೀಜಾ ಬೇಗಂ ಮಣೆಯ ಹತ್ತಿರ ಹೋಗಿ ಸುದ್ದಿ ತಂದರು. "ಗುರುಜಿ, ಮಹಾಮಾಯಾ ಹೇಳ್ತಾಳ, ಅರಿವಿಲಿ ಒರಸಿ, ಪೂರಾ ಒಣಾ ಮಾಡಿ ಆಮ್ಯಾಲ ರವಾ ಹಚ್ಚಬೇಕಂತ."

"ಒರಸೋದಾ? ಎಲ್ಲಾ ಖನಿಜಾಂಶ ಆ ನೀರಿನ್ಯಾಗೇ ಇರ್ತದ ಖಾಲಾ! ಅದು ಕೂಸಿಗಿ ಹೋಗಬೇಕು!"

"ಚಾಳೀಸ್ ವರ್ಷ ಭಜಿ ಕರದೀನಿ ಗುರುಜಿ. ಎಣ್ಣಿಗಿ ನಿಮ್ಮ ಪಾಠ ತಿಳಿಯಂಗಿಲ್ಲ," ಎಂದು ಅವರು ಸೆರಗು ಮುಖಕ್ಕೆ ಎಳೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಮಾಸ್ತರರು ಏಳನ್ನೂ ನೀರಿನ ಸಮೇತ ರವೆಯಲ್ಲಿ ಹೊರಳಿಸಿ, ಒಟ್ಟಿಗೇ ಎಣ್ಣೆಗೆ ಬಿಟ್ಟರು.

ಒಂದು ಕ್ಷಣ ಏನೂ ಆಗಲಿಲ್ಲ. ವಿಜ್ಞಾನ ಗೆದ್ದಿತೆಂದು ಅವರು ಹುಬ್ಬು ಹಾರಿಸಿದರು. ಮರುಕ್ಷಣ ಢಮ್! ಒಂದು ಸಿಂಪಿ ಎಣ್ಣೆಯಿಂದ ಎದ್ದು ಛಾವಣಿಗೆ ಬಡಿಯಿತು. ಢಮ್! ಇನ್ನೊಂದು ಕ್ಯಾಲೆಂಡರಿನ ಅಮಾವಾಸ್ಯೆಯ ಮೇಲೆ ಹೋಗಿ ಅಂಟಿತು. ಎಣ್ಣೆ ನಾಲ್ಕೂ ದಿಕ್ಕಿಗೆ ಹಾರಿತು. ಕಪಿಲ ಪರಾತ ಎತ್ತಿ ಅದರ ಹಿಂದೆ ಅಡಗಲು ನೋಡಿದ, ಖತೀಜಾ ಬೇಗಂ ಅದನ್ನು ಕಸಿದುಕೊಂಡು ರವೆಯನ್ನು ಕಾಪಾಡಿದರು. ಮಾಸ್ತರರು "ಅಯ್ಯಯ್ಯೋ!" ಎಂದು ಮುಖ ಉಳಿಸಿಕೊಳ್ಳಲು ತಲೆಯನ್ನು ಪಕ್ಕಕ್ಕೆ ಹೊರಳಿಸಿದರು. ಮುಖ ಉಳಿಯಿತು. ಮುಖದ ಬದಿಗಿದ್ದದ್ದು ಎಣ್ಣೆಯ ಎದುರಿಗೆ ಬಂತು.

ಗದ್ದಲ ನಿಂತಾಗ ಆರು ಸಿಂಪಿಗಳು ಗೋಡೆ ಛಾವಣಿಗಳ ಪಾಲಾಗಿದ್ದವು. ಆದರೆ ಕಡಾಯಿಯ ನಡುವೆ ಒಂದೇ ಒಂದು, ಬಂಗಾರದ ಬಣ್ಣಕ್ಕೆ ತಿರುಗಿ, ಕುರುಂ ಕುರುಂ ಎನ್ನುವ ಹಾಗೆ ತೇಲುತ್ತಿತ್ತು! ಮಾಸ್ತರರ ಕಣ್ಣಲ್ಲಿ ನೀರು ಬಂತು. ಒಂದಾದರೂ ಸಾಕು, ಬಯಕೆ ಬಯಕೆಯೇ. ಜೋಪಾನವಾಗಿ ಅದನ್ನೆತ್ತಿ ತಟ್ಟೆಗಿಟ್ಟು, ಕೈ ತೊಳೆಯಲು ತಿರುಗಿದರು. ಹಿಂದಿನಿಂದ ಕುರುಂ ಎಂಬ ಸದ್ದು ಬಂತು.

"ಉಪ್ಪು ಬರಾಬರ್ ಅದ ದಾದಾ," ಎಂದ ಕಪಿಲ.

ಮಾಸ್ತರರು ಖಾಲಿ ತಟ್ಟೆ ಹಿಡಿದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಮಣೆಯ ಮುಂದೆ ಕುಸಿದು ಕೂತರು. ಹಾಡು ನಿಂತಿತು.

"ಮಹಾಮಾಯಾ, ನನ್ನ ಕೈಲಿ ಆಗಲಿಲ್ಲ. ಒಂದು ಸಿಂಪಿ ಸೈತ ನಿನ್ನ ಬಾಯಿತನಕ ತರಲಿಕ್ಕಾಗಲಿಲ್ಲ. ಕೂಸಿನ ಕಿವಿ..."

"ಕಿವಿ ಏನ್ರಿ? ಅದು ಬ್ಯಾಕ್ಟೀರಿಯಾ ಅಂದಿದ್ರಲ್ಲ?"

ಅಷ್ಟರಲ್ಲಿ ಖತೀಜಾ ಬೇಗಂ ಒಂದು ತಟ್ಟೆ ತಂದು ಮಹಾಮಾಯಾಳ ಮುಂದಿಟ್ಟರು. ಉಳಿದ ರವೆ ಹಾಳಾಗಬಾರದೆಂದು, ಸಂತೆಯಿಂದ ತಂದ ಬದನೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಒರೆಸಿ, ಅದರಲ್ಲಿ ಹೊರಳಿಸಿ ಕರಿದಿದ್ದರು. ಮಹಾಮಾಯಾ ಒಂದು ಕಚ್ಚಿದಳು. ಕಣ್ಣು ಮುಚ್ಚಿದಳು. ಇನ್ನೊಂದು ತೆಗೆದುಕೊಂಡಳು.

"ಇದೇ ನೋಡ್ರಿ! ನಮ್ಮವ್ವನ ಕೈ ಕುರುಂ ಕುರುಂ ಇದೇ! ಮ್ಯಾಲಿನ ರವಾಕ್ಕೇ ನನ್ನ ಜೀವ ಬಡಕೊಳ್ಳಾಕತ್ತಿತ್ತು. ಒಳಗ ಕಾಲವಾ ಇದ್ರೇನು, ಬದನಿಕಾಯಿ ಇದ್ರೇನು? ಖಾಲಾ, ಇನ್ನೆರಡು ಹಾಕ್ರಿ."

ಮಾಸ್ತರರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಆಗ ಅವರ ಕುತ್ತಿಗೆಯ ಮೇಲೆ ತಣ್ಣಗೆ ಏನೋ ಇಳಿಯಿತು. ಎಣ್ಣೆ ಸಿಡಿದ ಬಲಗಿವಿಯ ಗುಳ್ಳೆ ಒಡೆದು ತೊಟ್ಟು ತೊಟ್ಟಾಗಿ ನೀರು ಸುರಿಯುತ್ತಿತ್ತು. ಶೇವಂತಾಬಾಯಿ ಮಗನ ಗದ್ದ ಹಿಡಿದು ತಿರುಗಿಸಿ, ಆ ಕಿವಿಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಇನ್ನ ನೀ ನಿಶ್ಚಿಂತಿಲಿ ಹಡಿಯವ್ವ. ಸೋರಬೇಕಾದ ಕಿವಿ ಸೋರಿತು!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ವಿಜ್ಞಾನ ಮಾಸ್ತರರು ಸಿಂಪಿಯ ಹಾಗೆ ಬಾಯಿ ಮುಚ್ಚಿಕೊಂಡರು. ಮಾತು ಕೇಳಿಸದ ಗೋರಖನಾಥ ಕಾಕಾ ಮಾತ್ರ ನಗಲಿಲ್ಲ. ಎದ್ದು ಬಂದು, ಸೋರುವ ಕಿವಿಯನ್ನು ಕನಿಕರದಿಂದ ನೋಡಿ, ಜೇಬಿನಿಂದ ಹೊಸ ಹತ್ತಿ ತೆಗೆದು ಮಾಸ್ತರರ ಅಂಗೈಯಲ್ಲಿಟ್ಟು, ಮೆಲ್ಲಗೆ ಕೇಳಿದರು:

"ನೀ ಹೊಟ್ಯಾಗಿದ್ದಾಗ ವೈನಿ ಏನು ಬೇಡಿದ್ರಂತ ತಮ್ಮಾ?"