ಡಾಕ್ಟ್ರ ಲೇಖನ ಮದ್ರಾಸಿನಿಂದ ವಾಪಸು ಬಂದ ಕತೆಗಳು

ಟೈಪು ಹೊಡೆದು ಹೊಟ್ಟೆ ಹೊರೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ಆಗುವಾಗ ನನಗೆ ಒಂದಕ್ಕೂ ನಗು ಬಂದದ್ದಿಲ್ಲ. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಕೋರ್ಟಿನ ಅರ್ಜಿ, ಜಾಗದ ತಕರಾರು, ಅಣ್ಣ ತಮ್ಮನ ಮೇಲೆ ಹಾಕಿದ ದಾವೆ, ಹೀಗೆ ಊರಿನ ಸಂಕಟವೆಲ್ಲ ನನ್ನಲ್ಲಿಗೆ ಬಂದು ಕಾರ್ಬನ್ ಹಾಕಿಸಿಕೊಂಡು ಮೂರು ಪ್ರತಿಯಾಗಿ ಹೋಗುತ್ತಿತ್ತು. ಐವತ್ತರ ದಶಕ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಗುರುವಾಯನಕೆರೆಯ ಡಾಕ್ಟ್ರು ಬಂದರು.

"ಮಾಸ್ಟ್ರೇ, ಒಂದು ಲೇಖನ ಉಂಟು. ಮದ್ರಾಸಿನ ವೈದ್ಯಕೀಯ ಪತ್ರಿಕೆಗೆ. ಇಂಗ್ಲಿಷಿನಲ್ಲಿ."

ಬರಿಗಾಲಲ್ಲಿ ಗದ್ದೆ ತೋಟ ಸುತ್ತುವ ಹೆಂಗಸರಿಗೆ ಕೊಕ್ಕೆಹುಳ ಹತ್ತುತ್ತದೆ, ಮೈಯ ರಕ್ತ ಬತ್ತುತ್ತದೆ, ಹೆರಿಗೆಯಲ್ಲಿ ಸಾಯುತ್ತಾರೆ. ಇದು ಅವರ ವಿಷಯ. ಊರಿನವರು ಅದನ್ನು ಪ್ರೇತದ ಕಾಟ ಎನ್ನುತ್ತಿದ್ದರು, ಸರ್ಕಾರದವರು ಎಂತದೂ ಎನ್ನುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದರೆ ಸರ್ಕಾರ ಮದ್ದು ಕಳಿಸೀತು ಎಂದು ಡಾಕ್ಟ್ರ ಆಸೆ. ಅವರಿಗೇ ಎದೆನೋವು ಶುರುವಾಗಿತ್ತು. "ನಾನು ಇರುವಾಗಲೇ ಅಚ್ಚಾಗಬೇಕು" ಎಂದರು.

ಲೇಖನದಲ್ಲಿ ತಪ್ಪಿರಲಿಲ್ಲ. ನಮ್ಮನ್ನು ಕೊಂದದ್ದು ಅದರ ಬಾಲ. ಯಾವ ಮಾತು ಯಾರ ಬರಹದ್ದು, ಎಷ್ಟನೇ ಸಂಪುಟ, ಯಾವ ಪುಟ ಎಂದು ಕೊನೆಯಲ್ಲಿ ಕೊಡಬೇಕಾದ ಉಲ್ಲೇಖಗಳು.

ಗೆದ್ದಲು

ಮೊದಲನೆಯ ಸಲವೇ ಒಂದು ಪುಸ್ತಕದ ಪುಟ ಸಂಖ್ಯೆ ಸಿಗಲಿಲ್ಲ.

"ಪುಟ ಎಷ್ಟು ಡಾಕ್ಟ್ರೇ?"

"ಪುಟವನ್ನು ಗೆದ್ದಲು ತಿಂದಿತು."

"ಎಂತ ಹಾಕುವ?"

"ಆದದ್ದನ್ನೇ ಹಾಕಿ."

ನನಗೆ ಕೋರ್ಟಿನ ಅಭ್ಯಾಸ, ಹೇಳಿದ್ದನ್ನು ಹೇಳಿದ ಹಾಗೆ ಹೊಡೆಯುವುದು. ಸಂಪುಟ ಇಂಥದ್ದು, ಪುಟ ಗೆದ್ದಲು ತಿಂದದ್ದು ಎಂದು ಇಂಗ್ಲಿಷಿನಲ್ಲಿ ನೀಟಾಗಿ ಹೊಡೆದೆ. ಲೇಖನ ವಾಪಸು ಬಂತು. ಗೆದ್ದಲಿನ ಬಗ್ಗೆ ಸಂಪಾದಕರಿಗೆ ತುಂಬ ವಿಷಾದವಿದೆಯಂತೆ, ಆದರೆ ಪುಟ ಬೇಕೇ ಬೇಕಂತೆ.

ಡಾಕ್ಟ್ರು ಎದೆ ಹಿಡಿದುಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಹೋದರು. ಅಲ್ಲಿ ಇನ್ನೊಬ್ಬ ಡಾಕ್ಟ್ರ ಮನೆಯಲ್ಲಿ ಅದೇ ಪುಸ್ತಕ ಸಿಕ್ಕಿತು. ಗೆದ್ದಲು ಮುಟ್ಟಿರಲಿಲ್ಲ. ಆ ಹಾಳೆಯನ್ನು ಮಾತ್ರ ಯಾರೋ ಬ್ಲೇಡಿನಿಂದ ಕೊಯ್ದುಕೊಂಡು ಹೋಗಿದ್ದರು. ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲಿನಲ್ಲಿ ಕುಸಿದು ಕೂತರು.

"ಗೆದ್ದಲೇ ವಾಸಿ ಮಾಸ್ಟ್ರೇ," ಎಂದರು. "ಅದು ವೈದ್ಯಕೀಯ ಕಲಿತು ಬಂದದ್ದಲ್ಲ."

ಮತ್ತಿತರರು

ಆ ಉಲ್ಲೇಖವನ್ನೇ ಕಿತ್ತುಹಾಕಿ ಮತ್ತೆ ಕಳಿಸಿದೆವು. ಮತ್ತೆ ವಾಪಸು. ಒಂದು ಬರಹಕ್ಕೆ ತುಂಬ ಮಂದಿ ಲೇಖಕರಿದ್ದರೆ ಮೊದಲನೆಯವರ ಹೆಸರು ಹಾಕಿ, ಉಳಿದವರಿಗೆ 'ಮತ್ತಿತರರು' ಎಂದರೆ ಸಾಕು ಎಂದು ಸಂಪಾದಕರು ಗುರುತು ಹಾಕಿದ್ದರು.

ಡಾಕ್ಟ್ರು ಸುತರಾಂ ಒಪ್ಪಲಿಲ್ಲ. ಅವರದು ದೊಡ್ಡ ಮನೆತನ. ಮದುವೆ ಕಾಗದದಲ್ಲಿ ಒಬ್ಬ ಭಾವನ ಹೆಸರು ಬಿಟ್ಟುಹೋಗಿ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತದ್ದನ್ನು ಕಣ್ಣಾರೆ ಕಂಡವರು.

"ಬೆವರು ಸುರಿಸಿ ಕೆಲಸ ಮಾಡಿದವರನ್ನು ಮತ್ತಿತರರು ಅನ್ನುವುದಾ? ನಾಳೆ ಅವರ ಮುಖ ಹೇಗೆ ನೋಡುವುದು?"

"ಅವರು ಅಮೆರಿಕದವರು ಡಾಕ್ಟ್ರೇ. ನಾವು ನೋಡಲಿಕ್ಕಿಲ್ಲ."

"ನೋಡದಿದ್ದರೆ ಮರ್ಯಾದೆ ಬೇಡವಾ?"

ಎಲ್ಲರ ಹೆಸರೂ ಹೋಯಿತು, ಎಲ್ಲರ ಹೆಸರೂ ವಾಪಸು ಬಂತು. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ಬಿಟ್ಟುಹೋದ ಒಬ್ಬೊಬ್ಬರಿಗೂ, ನಿಯಮದ ಕಾರಣ ತಮ್ಮ ಹೆಸರು ಬಿಡಬೇಕಾಯಿತು, ದಯವಿಟ್ಟು ಅನ್ಯಥಾ ಭಾವಿಸಬಾರದು ಎಂದು ನನ್ನಿಂದ ಕಾಗದ ಹೊಡೆಸಿ ಅಮೆರಿಕಕ್ಕೆ ಹಾಕಿದರು. ಒಬ್ಬನಿಂದ ಮಾತ್ರ ಉತ್ತರ ಬಂತು. ಆ ಬರಹದಲ್ಲಿ ತನ್ನ ಹೆಸರಿರುವುದು ತನಗೆ ಈಗಲೇ ಗೊತ್ತಾದದ್ದು, ತಿಳಿಸಿದ್ದಕ್ಕೆ ಉಪಕಾರವಾಯಿತು ಎಂದು ಬರೆದಿದ್ದ.

ಗಂಧ ಪ್ರಸಾದ

ಅಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಸಿದ್ಧಕಟ್ಟೆ ಕಡೆಯಿಂದ ಮಂಚದಲ್ಲಿ ಹೊತ್ತು ತಂದ ಒಬ್ಬ ಬಸುರಿ ಡಾಕ್ಟ್ರ ಜಗಲಿಯಲ್ಲೇ ತೀರಿಹೋದಳು. ಮೈ ಸುಣ್ಣದ ಹಾಗೆ ಬಿಳುಚಿತ್ತಂತೆ. ಅವತ್ತು ಡಾಕ್ಟ್ರು ನನ್ನಲ್ಲಿಗೆ ಬಂದು ಲೇಖನದ ಮಾತೇ ಎತ್ತಲಿಲ್ಲ.

ಮುಂದಿನ ತಕರಾರು ಸರದಿಯದ್ದು. ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಬರಬೇಕಂತೆ. ಹಾಗೆ ಜೋಡಿಸಿದರೆ ಡಾಕ್ಟ್ರಿಗೆ ಮದ್ರಾಸಿನಲ್ಲಿ ಪಾಠ ಹೇಳಿದ ಗುರುಗಳು ಕಟ್ಟಕಡೆಗೆ ಬೀಳುತ್ತಾರೆ. ಅವರ ಮೇಲೆ ಮೊನ್ನೆ ಮೊನ್ನೆ ಪಾಸಾದ ಹುಡುಗರು.

"ಕೋಲದಲ್ಲಿ ಭೂತ ಗಂಧ ಪ್ರಸಾದ ಕೊಡುವಾಗ ದೊಡ್ಡ ಮನೆಯವರನ್ನು ಬಿಟ್ಟು ದಾರಿಹೋಕನಿಗೆ ಮೊದಲು ಕೊಡ್ತದಾ?" ಎಂದು ನನ್ನನ್ನೇ ಕೇಳಿದರು.

"ಇದು ಕೋಲ ಅಲ್ಲ ಡಾಕ್ಟ್ರೇ, ಪತ್ರಿಕೆ."

"ಗುರುಗಳು ಅಲ್ಲಿ ಕೊನೆಯಲ್ಲಿ ನಿಲ್ಲುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ಗುರುಗಳನ್ನು ಎಲ್ಲರಿಗಿಂತ ಮೇಲೆ ಕೂರಿಸಿ ಕಳಿಸಿದೆವು. ವಾಪಸು. ಹಾಗಾದರೆ ಗುರುಗಳ ಅಪ್ಪಣೆಯನ್ನೇ ಕೇಳುವ ಎಂದು ಕಾಗದ ಬರೆದರು. ಗುರುಗಳ ಮಗನಿಂದ ಉತ್ತರ ಬಂತು. ತಂದೆಯವರು ಕಳೆದ ತಿಂಗಳು ತೀರಿಕೊಂಡರು ಎಂದು ಅದರಲ್ಲಿತ್ತು. ಡಾಕ್ಟ್ರು ಅದನ್ನು ಓದಿ ಮಡಚಿ ಕಿಸೆಯಲ್ಲಿಟ್ಟರು.

"ಕೊನೆಗೇ ಹಾಕಿ ಮಾಸ್ಟ್ರೇ," ಎಂದರು. "ಇನ್ನು ಅವರಿಗೆ ಯಾರ ಮೇಲೂ ಬೇಸರ ಇರಲಿಕ್ಕಿಲ್ಲ."

ಹಾಸಿಗೆಯ ಪಕ್ಕದ ಓದು

ಆ ಸಲ ಹೋದದ್ದು ವಾಪಸು ಬರಲಿಲ್ಲ. ಅಚ್ಚಾಗಿಯೇ ಬಂತು. ಆದರೆ ಆ ಹೊತ್ತಿಗೆ ಡಾಕ್ಟ್ರು ಹಾಸಿಗೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು. ಅವರ ಹೆಂಡತಿ ನನಗೆ ಹೇಳಿ ಕಳಿಸಿದರು: "ಪತ್ರಿಕೆ ಎದೆಯ ಮೇಲೆ ಇಟ್ಟುಕೊಂಡಿದ್ದಾರೆ, ಓದಲಿಕ್ಕೆ ಆಗುವುದಿಲ್ಲ. ನೀವು ಒಮ್ಮೆ ಬಂದು ಓದಿ ಹೇಳಿ."

ಹೋದೆ. ಮೊದಲಿನಿಂದ ಓದಿದೆ. ಅವರು ಕಣ್ಣು ಮುಚ್ಚಿಯೇ ಕೇಳಿದರು. ಅಂತೂ ಅವರು ಇರುವಾಗಲೇ ಬಂತಲ್ಲ ಎಂದುಕೊಂಡೆ. ಲೇಖನ ಮುಗಿಸಿ ನಿಲ್ಲಿಸಿದರೆ, "ಉಲ್ಲೇಖಗಳನ್ನೂ ಓದಿ, ಅದಕ್ಕೇ ಅಲ್ವಾ ಸತ್ತದ್ದು" ಎಂದರು.

ಓದತೊಡಗಿದೆ. ಅಷ್ಟರಲ್ಲಿ ಬೆಳ್ತಂಗಡಿ ಕಡೆಯ ಒಬ್ಬರು ಅಜ್ಜಿ ಒಳಗೆ ಬಂದರು. ಅವರ ಮಗಳನ್ನು ಡಾಕ್ಟ್ರು ಹಿಂದೆ ಬದುಕಿಸಿದ್ದರಂತೆ, ಕೊನೆಯ ಸಲ ನೋಡಿ ಹೋಗಲು ಬಂದದ್ದು. ತುಳು ಬಿಟ್ಟರೆ ಅವರಿಗೆ ಬೇರೆ ಭಾಷೆ ಇಲ್ಲ. ಮಲಗಿದ ರೋಗಿ, ಪಕ್ಕದಲ್ಲಿ ಕೂತು ಒಬ್ಬ ಗೊತ್ತಿಲ್ಲದ ಭಾಷೆಯಲ್ಲಿ ಸಾಲು ಸಾಲು ಹೆಸರು ಓದುತ್ತಿದ್ದಾನೆ. ಇದು ಪ್ರಾಣ ಹೋಗುವಾಗ ಓದುವ ಮಂತ್ರವೇ ಎಂದು ಅಜ್ಜಿ ತಿಳಿದರು. ಕೈಮುಗಿದು ನಿಂತು, ನಾನು ಒಂದೊಂದು ಹೆಸರು ಮುಗಿಸಿದ ಹಾಗೆ ಹೆಣ ಎತ್ತುವಾಗ ಹೇಳುವ ರಾಗದಲ್ಲಿ "ಗೋವಿಂದಾ" ಎನ್ನತೊಡಗಿದರು. ಒಬ್ಬ ಇಂಗ್ಲೆಂಡಿನವನು, ಗೋವಿಂದಾ. ಇಬ್ಬರು ಅಮೆರಿಕದವರು, ಗೋವಿಂದಾ. ನಿಲ್ಲಿಸುವುದೋ ಓದುವುದೋ ನನಗೆ ತಿಳಿಯಲಿಲ್ಲ.

ಡಾಕ್ಟ್ರು ಒಂದು ಕಣ್ಣು ತೆರೆದರು. "ಮಾಸ್ಟ್ರೇ, ಅಜ್ಜಿಗೆ ಹೇಳಿ. ಅದರಲ್ಲಿ ಸುಮಾರು ಮಂದಿ ಇನ್ನೂ ಬದುಕಿದ್ದಾರೆ."

ನಾನು ತುಳುವಿನಲ್ಲಿ ತಿಳಿಸಿ ಹೇಳಿದೆ. ಆ ವಾರವೇ ಡಾಕ್ಟ್ರು ಹೋದರು. ಅವರು ಹೊಟ್ಟೆ ಕುಲುಕಿಸಿ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಕೊನೆ. ಅಜ್ಜಿ ಮುಗಿದ ಕೈ ಇಳಿಸದೆ ನನಗೆ ಕೊಟ್ಟ ಉತ್ತರಕ್ಕೆ ಅವರು ಹಾಗೆ ನಕ್ಕದ್ದು:

"ಇರಲಿ ಮಾರಾಯರೇ, ನೀವು ಓದಿ. ಈಗ ಬೇಡದವರಿಗೆ ಮುಂದಕ್ಕೆ ಆಗ್ತದೆ."